ಡಿಸ್ಕ್ ಅಂದ್ರೆ ರೇಷ್ಮೆ ಗೂಡು: ಅಂಗರಚನೆಯ ಆ್ಯಪ್ ಜೊತೆ 14 ತಿಂಗಳು

ನಾನು ಫಿಸಿಯೋಥೆರಪಿಸ್ಟ್. ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದಲ್ಲಿ ನನ್ನದೊಂದು ಪುಟ್ಟ ಕ್ಲಿನಿಕ್ ಇದೆ. ಎರಡು ಮಂಚ, ಒಂದು ಟ್ರ್ಯಾಕ್ಷನ್, ಒಂದು ಅಲ್ಟ್ರಾಸೌಂಡ್ ಮಷೀನು, ಗೋಡೆ ಮೇಲೆ ಬೆನ್ನುಮೂಳೆಯ ಒಂದು ಚಾರ್ಟು. ಕಿಟಕಿ ಬಿಸಿಲಿಗೆ ಆ ಚಾರ್ಟಿನ ಬಣ್ಣ ಹೋಗಿ, ನರ ಯಾವುದು ರಕ್ತನಾಳ ಯಾವುದು ಅಂತ ನನಗೇ ಗೊತ್ತಾಗುತ್ತಿರಲಿಲ್ಲ. ಹೊಸ ಚಾರ್ಟು ತರೋಣ ಅಂತ ಹೊರಟವಳು, ಕೊನೆಗೆ ಟ್ಯಾಬ್ಲೆಟ್‌ಗೆ ಒಂದು ಅಂಗರಚನೆಯ ಆ್ಯಪ್ ಹಾಕಿಸಿಕೊಂಡು ಬಂದೆ. ಅದಾಗಿ 14 ತಿಂಗಳಾಯಿತು. ದಿನಾ ಬಳಸುತ್ತೇನೆ. ನನ್ನ ಹಾಗೆ ಸಣ್ಣ ಊರುಗಳಲ್ಲಿ ಕೆಲಸ ಮಾಡುವವರಿಗೆ, ನರ್ಸಿಂಗ್ ಮಕ್ಕಳಿಗೆ, ಶಾಲೆಯ ವಿಜ್ಞಾನದ ಮೇಷ್ಟ್ರುಗಳಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಆ್ಯಪಿನ ಹೆಸರು ಬರೆಯುತ್ತಿಲ್ಲ. ಮೆಚ್ಚುಗೆಯ ಜೊತೆ ಒಂದಷ್ಟು ದೂರುಗಳೂ ಇವೆ. ಕೊಳ್ಳುವ ಮುಂಚೆ ಇಂಥವೇ ಮೂರು ಆ್ಯಪ್‌ಗಳನ್ನು ಟ್ರಯಲ್ ಹಾಕಿ ನೋಡಿದ್ದೆ. ಕೆಲಸದಲ್ಲಿ ಅವು ಹೆಚ್ಚು ಕಮ್ಮಿ ಒಂದೇ ತರ. ಹಾಗಾಗಿ ನಾನು ಹೇಳುವುದು ನೀವು ಯಾವುದನ್ನು ತೆಗೆದುಕೊಂಡರೂ ಸುಮಾರಾಗಿ ಹೊಂದುತ್ತದೆ.

ಪರದೆ ಮೇಲೆ ಒಂದು ಇಡೀ ದೇಹ ನಿಂತಿರುತ್ತದೆ. ಬೆರಳಲ್ಲಿ ಸವರಿದರೆ ತಿರುಗುತ್ತದೆ. ಎರಡು ಬೆರಳು ಅಗಲಿಸಿದರೆ ಹತ್ತಿರ ಬರುತ್ತದೆ. ಚರ್ಮ ತೆಗೆದರೆ ಸ್ನಾಯು, ಮೇಲಿನ ಸ್ನಾಯು ತೆಗೆದರೆ ಕೆಳಗಿನದು, ಅದನ್ನೂ ತೆಗೆದರೆ ಮೂಳೆ. ನರ ಬೇಕಾದರೆ ನರ ಮಾತ್ರ ಇಟ್ಟುಕೊಳ್ಳಬಹುದು. ಒಂದು ಮೂಳೆ ಮುಟ್ಟಿ 'ಇದೊಂದೇ ಸಾಕು' ಅನ್ನುವ ಗುಂಡಿ ಒತ್ತಿದರೆ ಮಿಕ್ಕ 205 ಮೂಳೆಗಳೂ ಮಾಯ. ಪೆನ್ನಿನಿಂದ ಪರದೆ ಮೇಲೆ ಬರೆಯಬಹುದು. ಕೀಲು ಹೇಗೆ ಮಡಚುತ್ತದೆ, ಆಗ ಯಾವ ಸ್ನಾಯು ಎಳೆಯುತ್ತದೆ ಅನ್ನುವ ಚಲಿಸುವ ಚಿತ್ರಗಳಿವೆ. ರಸಪ್ರಶ್ನೆ ಇದೆ. ದೇಹವನ್ನು ಅಡ್ಡಡ್ಡ ಹೋಳು ಮಾಡಿ ನೋಡುವ ಸೌಲಭ್ಯ ಇದೆ.

ಪದರ ಪದರವಾಗಿ ತೆಗೆಯುವುದರಲ್ಲೇ ಇದರ ನಿಜವಾದ ಲಾಭ ಇರುವುದು. ತೊಡೆಯ ಮುಂದೆ ನಾಲ್ಕು ಸ್ನಾಯುಗಳಿವೆ. ಅದರಲ್ಲಿ ವ್ಯಾಸ್ಟಸ್ ಇಂಟರ್‌ಮೀಡಿಯಸ್ ಅನ್ನುವುದು ರೆಕ್ಟಸ್ ಫೆಮೊರಿಸ್ ಅನ್ನುವ ಇನ್ನೊಂದರ ಅಡಿಯಲ್ಲಿ ಮುಚ್ಚಿಕೊಂಡಿರುತ್ತದೆ. ಮುಂದಿನಿಂದ ಬರೆದ ಚಾರ್ಟಿನಲ್ಲಿ ಅದು ಕಾಣುವುದೇ ಇಲ್ಲ. ಇಲ್ಲಿ ಮೇಲಿನದನ್ನು ಮಸುಕು ಮಾಡಿದರೆ ಕೆಳಗಿನದು ಎದ್ದು ಬರುತ್ತದೆ. ಮಂಡಿನೋವಿನವರಿಗೆ ಟವೆಲ್ ಸುತ್ತಿ ಮಂಡಿ ಕೆಳಗಿಟ್ಟು, ಕೆಳಕ್ಕೆ ಒತ್ತಿ 5 ಸೆಕೆಂಡ್ ಹಿಡಿಯಿರಿ ಅಂತ ಹೇಳಿಕೊಡುತ್ತೇವಲ್ಲ, ಆಗ ಈ ನಾಲ್ಕೂ ಬಿಗಿಯಾಗಿ ಮಂಡಿ ಚಿಪ್ಪನ್ನು ಮೇಲಕ್ಕೆ ಎಳೆಯುವುದನ್ನು ತೋರಿಸಬಹುದು. ತೋರಿಸಿದ ಮೇಲೆ ಮನೆಯಲ್ಲಿ ವ್ಯಾಯಾಮ ಮಾಡುವವರು ಜಾಸ್ತಿಯಾಗಿದ್ದಾರೆ. ಇದು ನನ್ನ ಕ್ಲಿನಿಕ್ಕಿನ ಮಟ್ಟಿಗೆ ನಾನು ಕಂಡದ್ದು.

ಈಗ ಆ ಗೂಡಿನ ಮಾತಿಗೆ ಬರುತ್ತೇನೆ.

ಶಿಡ್ಲಘಟ್ಟ ಅಂದರೆ ರೇಷ್ಮೆ. ಗೂಡಿನ ಮಾರುಕಟ್ಟೆಗೆ ಬೆಳಗಾಗುವಷ್ಟರಲ್ಲಿ ಗೂಡು ಬಂದು ಬೀಳುತ್ತದೆ. ಊರಿನ ಎಷ್ಟೋ ಬೀದಿಗಳಲ್ಲಿ ನೂಲು ಬಿಚ್ಚುವ ಘಟಕಗಳಿವೆ. ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನ ಅಲ್ಲಿ ದುಡಿಯುವ ಹೆಂಗಸರು. ಬಿಸಿನೀರಿನ ತೊಟ್ಟಿ ಮುಂದೆ ಇಡೀ ದಿನ ನಿಲ್ಲಬೇಕು. ಬೆಂದ ಗೂಡಿನಿಂದ ಎಳೆ ಹುಡುಕಿ ಹಿಡಿಯಬೇಕು, ತುಂಡಾದರೆ ಜೋಡಿಸಬೇಕು. ಕೈ ಯಾವಾಗಲೂ ಮುಂದೆ ಚಾಚಿಯೇ ಇರುತ್ತದೆ, ಕುತ್ತಿಗೆ ಬಗ್ಗಿಯೇ ಇರುತ್ತದೆ. ಬೆರಳಿನ ಚರ್ಮ ನೆಂದು ಬಿಳುಚಿರುತ್ತದೆ. ಸೊಂಟ, ಭುಜ, ಕುತ್ತಿಗೆ, ಈ ಮೂರರಲ್ಲಿ ಒಂದು ನೋವು ಇಲ್ಲದವರು ಕಡಿಮೆ.

ಅವರಲ್ಲಿ ಒಬ್ಬ ಅಮ್ಮ, 50 ದಾಟಿದವರು, ಸೊಂಟನೋವು ಎಡಗಾಲಿಗೆ ಇಳಿಯುತ್ತಿದೆ ಅಂತ ಬಂದರು. ಎಂಆರ್‌ಐ ಕವರು ಸೀರೆ ಬ್ಯಾಗಿನಲ್ಲಿ ಮಡಚಿ ಇಟ್ಟಿದ್ದರು. ಸೊಂಟದ ನಾಲ್ಕನೆಯ ಮತ್ತು ಐದನೆಯ ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಸ್ವಲ್ಪ ಉಬ್ಬಿತ್ತು. ಯಾರೋ ಅವರಿಗೆ "ಡಿಸ್ಕ್ ಜಾರಿದೆ, ಬಗ್ಗಬೇಡಿ" ಅಂದಿದ್ದರು. ಆ ಎರಡು ಮಾತು ಹಿಡಿದುಕೊಂಡು ಅವರು ಮೂರು ತಿಂಗಳಿಂದ ಬಗ್ಗಿರಲಿಲ್ಲ. ಕೊಡ ಎತ್ತಿರಲಿಲ್ಲ, ಮೊಮ್ಮಗನನ್ನು ಎತ್ತಿರಲಿಲ್ಲ. ರಾತ್ರಿ ಮಗ್ಗುಲು ಬದಲಿಸುವುದಕ್ಕೂ ಹೆದರುತ್ತಿದ್ದರು. ನನ್ನನ್ನು ಕೇಳಿದರು, "ಜಾರಿದ್ದು ಪೂರ್ತಿ ಬಿದ್ದೋದ್ರೆ ಏನ್ ಗತಿ ಡಾಕ್ಟ್ರಮ್ಮ?"

ಇಂಥ ಮಾತಿಗೆ ನಾನು ವರ್ಷಗಳಿಂದ ಒಂದೇ ಉಪಮೆ ಹೇಳುತ್ತಿದ್ದೆ. ಡಿಸ್ಕ್ ಅಂದರೆ ಹೂರಣದ ಕಡುಬು. ಹೊರಗೆ ಹಿಟ್ಟು, ಒಳಗೆ ಮೆತ್ತನೆ ಹೂರಣ. ಅದನ್ನೇ ಹೇಳಿ, ಟ್ಯಾಬ್ಲೆಟ್ ತೆಗೆದು, ಎರಡು ಮೂಳೆ ಮತ್ತು ನಡುವಿನ ಡಿಸ್ಕ್ ಮಾತ್ರ ಉಳಿಸಿಕೊಂಡೆ. ಮೇಲಿನ ಮೂಳೆಯನ್ನು ತೆಗೆದೆ. ಡಿಸ್ಕ್ ಮೇಲಿನಿಂದ ಕಂಡಿತು. ಸುತ್ತ ಉಂಗುರ ಉಂಗುರವಾದ ಪದರಗಳು, ನಡುವೆ ಮೆತ್ತನೆ ತಿರುಳು. ಅವರು ಟ್ಯಾಬ್ಲೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದರು.

"ಇದು ಕಡುಬಲ್ಲ ಡಾಕ್ಟ್ರಮ್ಮ. ಗೂಡಿನ ತರ ಸುತ್ಕೊಂಡೈತೆ."

ನಾನು ಇನ್ನೂ ಹತ್ತಿರ ಮಾಡಿ ತೋರಿಸಿದೆ. ಒಂದು ಪದರದ ಎಳೆ ಈ ಕಡೆಗೆ ಓರೆಯಾದರೆ, ಅದರ ಒಳಗಿನ ಪದರದ್ದು ಆ ಕಡೆಗೆ ಓರೆ. ಹೀಗೆ ಒಂದರ ಮೇಲೊಂದು 15ರಿಂದ 25 ಪದರ. ಅವರು ತಲೆ ಆಡಿಸಿದರು. "ಹುಳನೂ ಹಂಗೇ ತಲೆ ಆಡಿಸ್ಕೊಂಡು ಎಂಟು ಹಾಕಿದಂಗೆ ಸುತ್ತೋದು. ಒಳಗೆ ಹುಳ ಮೆತ್ತಗೇ ಇರ್ತದೆ. ಆದ್ರೆ ಗೂಡು ಒಡೀಬೇಕಂದ್ರೆ ಕತ್ರಿ ಬೇಕು."

ನನಗೆ ಅವತ್ತು ಒಂದು ವಿಷಯ ತಿಳಿಯಿತು. ಕಡುಬು ಅಂದಾಗಲೆಲ್ಲ ನಾನು ಜನರ ಮನಸ್ಸಿಗೆ ಹಾಕುತ್ತಿದ್ದದ್ದು ಒತ್ತಿದರೆ ಒಡೆದುಹೋಗುವ ವಸ್ತುವನ್ನು. ಡಿಸ್ಕ್ ಹಾಗಿಲ್ಲ. ಅದು ಮೇಲಿನ ಕೆಳಗಿನ ಮೂಳೆಗಳಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಸೋಪಿನ ತುಂಡಿನ ಹಾಗೆ ಜಾರಿ ಹೊರಬರುವುದಿಲ್ಲ. ಸ್ವಲ್ಪ ಉಬ್ಬುತ್ತದೆ, ಕೆಲವೊಮ್ಮೆ ತಿರುಳು ಹೊರಗೆ ಒತ್ತಿಕೊಂಡು ಪಕ್ಕದ ನರವನ್ನು ಕೆರಳಿಸುತ್ತದೆ. ಬಹಳ ಜನರಲ್ಲಿ ಅದು ವಾರಗಳಲ್ಲಿ, ತಿಂಗಳುಗಳಲ್ಲಿ ತಾನಾಗಿ ಕುಗ್ಗುತ್ತದೆ. ನೋವೇ ಇಲ್ಲದವರ ಎಂಆರ್‌ಐ ತೆಗೆದರೂ ಎಷ್ಟೋ ಜನರಲ್ಲಿ ಇಂಥ ಉಬ್ಬು ಕಾಣುತ್ತದೆ, ವಯಸ್ಸಾದಂತೆ ಇನ್ನೂ ಜಾಸ್ತಿ. ಇದನ್ನೆಲ್ಲ ನಾನು ಓದಿದ್ದೆ, ಬಾಯಲ್ಲಿ ಹೇಳುತ್ತಲೂ ಇದ್ದೆ. ನಂಬುವ ಹಾಗೆ ಹೇಳುವ ವಸ್ತು ನನ್ನ ಹತ್ತಿರ ಇರಲಿಲ್ಲ.

ಅವತ್ತೇ ಅವರು ಮಂಚ ಹಿಡಿದುಕೊಂಡು ಮಂಡಿ ಮಟ್ಟಕ್ಕೆ ಬಗ್ಗಿದರು. ಆರು ವಾರದ ಮೇಲೆ ಕೆಲಸಕ್ಕೆ ಹೋದರು. ಈಗ ತೊಟ್ಟಿ ಮುಂದೆ ಒಂದು ಮಣೆ ಇಟ್ಟುಕೊಂಡು ಕಾಲು ಬದಲಿಸಿ ಬದಲಿಸಿ ನಿಲ್ಲುತ್ತಾರೆ. ಗುಣವಾಗಿದ್ದು ಆ್ಯಪಿನಿಂದ ಅಂತ ನಾನು ಹೇಳುವುದಿಲ್ಲ. ವ್ಯಾಯಾಮ ಮಾಡಿದ್ದು ಅವರು. ಭಯ ಬಿಟ್ಟಿದ್ದಕ್ಕೆ ವ್ಯಾಯಾಮ ಸಾಧ್ಯವಾಯಿತು, ಭಯ ಬಿಡಿಸಿದ್ದು ಆ ಚಿತ್ರ.

(ಇಲ್ಲೇ ಒಂದು ಮಾತು. ಸೊಂಟನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ, ಕೂರುವ ಜಾಗದ ಸುತ್ತ ಜೋಮು ಹಿಡಿದರೆ, ಕಾಲಿನ ಬಲ ಇಳಿಯುತ್ತಾ ಬಂದರೆ ಕಾಯಬೇಡಿ. ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ.)

ಇದೇ ಆ್ಯಪು ಭಯ ಹುಟ್ಟಿಸಿದ್ದೂ ಇದೆ. ಅದಕ್ಕೆ ಕಾರಣ ನಾನೇ. ರೋಗಗಳ ವಿಭಾಗದಲ್ಲಿ ಡಿಸ್ಕ್ ಒಡೆಯುವ ಒಂದು ಚಲಿಸುವ ಚಿತ್ರ ಇದೆ. ತಿರುಳು ಕೆಂಪಗೆ ಚಿಮ್ಮಿ ಹಳದಿ ನರಕ್ಕೆ ಬಡಿಯುತ್ತದೆ. ನೋಡಲು ಬಹಳ ಚೆನ್ನಾಗಿ ಮಾಡಿದ್ದಾರೆ. ಟೊಮೆಟೊ ಕ್ರೇಟ್ ಲೋಡ್ ಮಾಡುವ ಒಬ್ಬ ಹುಡುಗನಿಗೆ ಅದನ್ನು ತೋರಿಸಿದೆ. ಅವನ ಮುಖ ಬಿಳಿಚಿಕೊಂಡಿತು. "ನಂದೂ ಹಿಂಗೇ ಸಿಡಿದೈತಾ ಮೇಡಂ?" ಅಂದ. ಇಲ್ಲ ಅಂತ ಎಷ್ಟು ಹೇಳಿದರೂ ಕಣ್ಣಲ್ಲಿ ಕಂಡದ್ದೇ ಉಳಿಯಿತು. ಮುಂದಿನ ವಾರ ಬಂದಾಗ ರಾತ್ರಿ ಮಲಗುವಾಗಲೂ ಬೆಲ್ಟ್ ಕಟ್ಟಿಕೊಂಡಿರುತ್ತೇನೆ ಅಂದ. ಅವನನ್ನು ಆ ಬೆಲ್ಟಿನಿಂದ ಬಿಡಿಸಲು ನನಗೆ ಎರಡು ತಿಂಗಳು ಬೇಕಾಯಿತು. ಆಮೇಲೆ ಆ ವಿಭಾಗವನ್ನು ರೋಗಿಗಳ ಮುಂದೆ ತೆರೆದೇ ಇಲ್ಲ. ಅಂಗ ಹೇಗಿದೆ, ಹೇಗೆ ಚಲಿಸುತ್ತದೆ ಅನ್ನುವುದನ್ನು ತೋರಿಸುತ್ತೇನೆ. ಹೇಗೆ ಹಾಳಾಗುತ್ತದೆ ಅನ್ನುವುದನ್ನು ಬಾಯಲ್ಲಿ, ಅವರವರ ರಿಪೋರ್ಟಿಗೆ ಎಷ್ಟು ಬೇಕೋ ಅಷ್ಟೇ ಹೇಳುತ್ತೇನೆ. ಈ ಆ್ಯಪ್ ಕೊಳ್ಳುವ ಪ್ರತಿಯೊಬ್ಬ ಫಿಸಿಯೋಗೂ ನಾನು ಕೈ ಹಿಡಿದು ಹೇಳುವ ಮಾತು ಇದು.

'ಗ್ಯಾಪ್' ಅನ್ನುವ ಇನ್ನೊಂದು ಪದ ನಮ್ಮ ಕಡೆ ಓಡಾಡುತ್ತದೆ. "ಸೊಂಟದಲ್ಲಿ ಗ್ಯಾಪ್ ಬಂದೈತೆ" ಅಂತಾರೆ. ಮೂಳೆ ಮೂಳೆ ಬಿಟ್ಟುಕೊಂಡಿದೆ, ಅದನ್ನು ಕೂಡಿಸಬೇಕು ಅಂತ ಅವರ ಎಣಿಕೆ. ನಿಜ ಅದಕ್ಕೆ ತಿರುಗುಮುರುಗು. ಮೂಳೆಗಳ ನಡುವೆ ಜಾಗ ಇರಲೇಬೇಕು. ಎಕ್ಸ್‌ರೇಯಲ್ಲಿ ಡಾಕ್ಟರು ಗುರುತಿಸುವುದು ಆ ಜಾಗ ಕಡಿಮೆಯಾದದ್ದನ್ನು. ಆ್ಯಪಿನಲ್ಲಿ ಡಿಸ್ಕನ್ನು ಮಾಯ ಮಾಡಿ, ಮತ್ತೆ ತಂದು ತೋರಿಸಿದರೆ ಅರ್ಧ ನಿಮಿಷದಲ್ಲಿ ಅರ್ಥವಾಗುತ್ತದೆ. ರಾತ್ರಿ ಮಲಗಿದಾಗ ಈ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬುತ್ತವೆ, ಅದಕ್ಕೇ ಬೆಳಿಗ್ಗೆ ಎದ್ದಾಗ ನಾವು ಸುಮಾರು 1 ಸೆಂಟಿಮೀಟರ್ ಎತ್ತರ ಇರುತ್ತೇವೆ ಅಂದರೆ ಎಲ್ಲರೂ ಖುಷಿಪಡುತ್ತಾರೆ.

ಭುಜದ ಭಾಗಕ್ಕೆ ನನ್ನ ಪೂರ್ತಿ ಅಂಕ. ಶಾಲೆಯ ಆಟದ ದಿನ ನಿಂಬೆಹಣ್ಣು ಚಮಚ ಓಟ ಇರುತ್ತದಲ್ಲ, ಭುಜದ ಕೀಲು ಹೆಚ್ಚು ಕಮ್ಮಿ ಹಾಗೇ. ತೋಳಿನ ಮೂಳೆಯ ತಲೆ ನಿಂಬೆಹಣ್ಣು, ರೆಕ್ಕೆ ಮೂಳೆಯ ಆಳವಿಲ್ಲದ ಬಟ್ಟಲು ಚಮಚ. ಬೀಳದ ಹಾಗೆ ಸುತ್ತ ನಾಲ್ಕು ಚಿಕ್ಕ ಸ್ನಾಯುಗಳು ಹಿಡಿದಿರುತ್ತವೆ. ಕೈ ಪಕ್ಕದಿಂದ ತಲೆ ಮೇಲಕ್ಕೆ ಎತ್ತುವಾಗ ಬರುವ 180 ಡಿಗ್ರಿಯಲ್ಲಿ ಸುಮಾರು 120 ಭುಜದ ಕೀಲಿನದು, ಸುಮಾರು 60 ರೆಕ್ಕೆ ಮೂಳೆ ತಿರುಗುವುದರಿಂದ ಬರುವುದು. ಇದನ್ನು ಕಾಲೇಜಿನಲ್ಲಿ ನಾನು ಬಾಯಿಪಾಠ ಮಾಡಿದ್ದೆ. ಇಲ್ಲಿ ರೆಕ್ಕೆ ಮೂಳೆ ಪಕ್ಕೆಲುಬಿನ ಮೇಲೆ ಜಾರಿ ತಿರುಗುವುದು ಹಿಂದಿನಿಂದ ಕಾಣುತ್ತದೆ. ಜಡೆ ಹಾಕಿಕೊಳ್ಳಲು ಕೈ ಹಿಂದೆ ಹೋಗುತ್ತಿಲ್ಲ ಅನ್ನುವ ಅಕ್ಕಂದಿರಿಗೆ ತೋರಿಸಿ, ಅವರ ರೆಕ್ಕೆ ಮೇಲೆ ನನ್ನ ಕೈ ಇಟ್ಟು, "ಈಗ ಇಲ್ಲಿಂದ ಎತ್ತಿ" ಅಂದರೆ ಎತ್ತುತ್ತಾರೆ.

ನಮ್ಮ ಕಡೆ ಮೂಳೆ ಮುರಿದರೆ ನಾಟಿ ವೈದ್ಯರ ಪುತ್ತೂರು ಕಟ್ಟು ಕಟ್ಟಿಸಿಕೊಂಡು ಬರುವವರು ಬಹಳ. ಆಂಧ್ರದ ಪುತ್ತೂರು ನಮಗೆ ದೂರವಲ್ಲ, ಹಿರಿಯರಿಗೆ ಅದರ ಮೇಲೆ ನಂಬಿಕೆ ಇದೆ. ಕೈಯನ್ನು ವಾರಗಟ್ಟಲೆ ಎದೆಗೆ ಕಟ್ಟಿಕೊಂಡಿದ್ದರೆ, ಮೂಳೆಯದು ಏನೇ ಇರಲಿ, ಭುಜ ಹಿಡಿದುಕೊಳ್ಳುತ್ತದೆ. ಪ್ಲಾಸ್ಟರ್ ಹಾಕಿಸಿಕೊಂಡು ಕೈ ಆಡಿಸದೇ ಇದ್ದರೂ ಅಷ್ಟೇ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಭುಜ ಹಿಡಿಯುವುದು ಇನ್ನೂ ಸಾಮಾನ್ಯ. ಯಾಕೆ ಅಂತ ಕೇಳಿದರೆ ಕೀಲಿನ ಚೀಲ ತೋರಿಸುತ್ತೇನೆ. ರವಿಕೆ ಹೊಲಿಯುವಾಗ ಕೈ ಎತ್ತಲು ಅಂತ ಕಂಕುಳ ಬಳಿ ಬಟ್ಟೆ ಸ್ವಲ್ಪ ಸಡಿಲ ಬಿಡುತ್ತಾರೆ. ಕೀಲಿನ ಚೀಲಕ್ಕೂ ಕಂಕುಳ ಕಡೆ ಅಂಥದೇ ಒಂದು ಸಡಿಲ ಮಡಿಕೆ ಇದೆ. ಕೈ ಇಳಿಬಿಟ್ಟೇ ಇದ್ದರೆ ಆ ಮಡಿಕೆ ದಪ್ಪವಾಗಿ ಬಿಗಿಯುತ್ತದೆ. ಇಷ್ಟು ಹೇಳಿದರೆ ಸಾಕು. ಯಾರ ಕಟ್ಟನ್ನೂ ನಾನು ಬೈಯಬೇಕಾಗಿಲ್ಲ.

ಇನ್ನು ದೂರುಗಳು.

ಮೊದಲನೆಯದು ಭಾಷೆ. ಹತ್ತಾರು ಭಾಷೆಗಳ ಪಟ್ಟಿ ಇದೆ, ಕನ್ನಡ ಇಲ್ಲ. ತೆಲುಗೂ ಇಲ್ಲ. ಬಾಗೇಪಲ್ಲಿ ಕಡೆಯಿಂದ ಬರುವ ಅಜ್ಜಿಯರು "ಇಕ್ಕಡ ನೊಪ್ಪಿ" (ಇಲ್ಲಿ ನೋವು) ಅಂತ ಪರದೆ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಬೆರಳಿಟ್ಟ ಕೂಡಲೇ ಆ್ಯಪು ಆ ಸ್ನಾಯುವಿನ ಲ್ಯಾಟಿನ್ ಹೆಸರನ್ನು ಜೋರಾಗಿ ಓದುತ್ತದೆ. ಅಜ್ಜಿ ಬೆಚ್ಚಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ನಾನು ಧ್ವನಿ ಮುಚ್ಚಿಟ್ಟು, ಹೆಸರುಗಳನ್ನೂ ಮರೆಮಾಡಿ, ಬಾಯಲ್ಲೇ ಹೇಳುತ್ತೇನೆ. ನಮ್ಮಲ್ಲಿ ಪದಗಳಿಲ್ಲ ಅಂತಲ್ಲ. ಹೆಡತಲೆ, ಕಂಕುಳು, ಮುಂಗೈ, ಮಣಿಕಟ್ಟು, ಟೊಂಕ, ಕಣಕಾಲು, ಹರಡು, ಹಿಮ್ಮಡಿ. ಕಾಲಿನ ಹಿಂದಿನ ಮಾಂಸಕ್ಕೆ ಮೀನಖಂಡ ಅಂತೇವೆ. ಚರ್ಮ ತೆಗೆದು ಆ ಸ್ನಾಯುವನ್ನು ನೋಡಿ, ಥೇಟ್ ಮೀನಿನ ಹೊಟ್ಟೆ. ಲ್ಯಾಟಿನ್ ಹೆಸರುಗಳ ಒಳಗೂ ಇಂಥದೇ ಜೀವನ ಇದೆ. ಟಿಬಿಯಾ ಅಂದರೆ ಕೊಳಲು. ಸಾರ್ಟೋರಿಯಸ್ ಅಂದರೆ ದರ್ಜಿಯ ಸ್ನಾಯು, ಹಿಂದೆ ದರ್ಜಿಗಳು ಕಾಲು ಮಡಚಿ ಕೂರುತ್ತಿದ್ದರಂತೆ. ಇವೆರಡನ್ನೂ ಅಕ್ಕಪಕ್ಕ ಇಟ್ಟು ಕಲಿಸಿದರೆ ಮಕ್ಕಳು ಎಷ್ಟು ಪ್ರೀತಿಯಿಂದ ಕಲಿಯುತ್ತಾರೆ, ಅಲ್ವಾ?

ಎರಡನೆಯದು, ಆ್ಯಪ್ ತೆರೆದ ತಕ್ಷಣ ಬರುವುದು ಬಟ್ಟೆ ಇಲ್ಲದ ದೇಹ. ಮೊದಲ ವಾರ ಒಬ್ಬ ಸೊಸೆ, ಪಕ್ಕದಲ್ಲಿ ಮಾವ. ನಾನು ಯೋಚಿಸದೆ ಟ್ಯಾಬ್ಲೆಟ್ ತಿರುಗಿಸಿ ತೋರಿಸಿದೆ. ಆ ಹುಡುಗಿ ತಲೆ ತಗ್ಗಿಸಿಬಿಟ್ಟಳು. ಆ ದಿನ ಅವಳು ಏನೂ ಹೇಳಿಕೊಳ್ಳಲಿಲ್ಲ. ಅವಳಿಗೆ ಹಾಗಾಗಬಾರದಿತ್ತು. ಈಗ ಬೆಳಿಗ್ಗೆ ಬಂದ ಕೂಡಲೇ ಚರ್ಮದ ಪದರ ತೆಗೆದು, ಬೆನ್ನು, ಭುಜ, ಮಂಡಿ ಅಂತ ನಾಲ್ಕೈದು ನೋಟಗಳನ್ನು ಮೊದಲೇ ಉಳಿಸಿಟ್ಟುಕೊಳ್ಳುತ್ತೇನೆ. ನೇರ ಅಲ್ಲಿಗೇ ಹೋಗಬಹುದು. ಕಂಪನಿಯವರು ಇದನ್ನು ಒಂದು ಗುಂಡಿಯಲ್ಲಿ ಮಾಡಿಕೊಡಬಹುದಿತ್ತು.

ಮೂರನೆಯದೇ ನನ್ನನ್ನು ಜಾಸ್ತಿ ಕಾಡುವುದು. ಆ ದೇಹ ನಮ್ಮ ಜನರದ್ದಲ್ಲ. ನೆಟ್ಟಗೆ ನಿಂತ, ಕಟ್ಟುಮಸ್ತಾದ, ಯಾವ ಮೂಳೆಯೂ ಸವೆಯದ ದೇಹ ಅದು. ನಮ್ಮ ಜಿಲ್ಲೆಯಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿವೆ. ಬಾಗೇಪಲ್ಲಿ ಕಡೆ, ಪಕ್ಕದ ಕೋಲಾರದಲ್ಲಿ, ತುಮಕೂರಿನ ಪಾವಗಡದಲ್ಲಿ ನೀರಿನ ಫ್ಲೋರೈಡ್ ಕಾಟ ಹಳೆಯದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಇದೆ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಚಿಕ್ಕಂದಿನಲ್ಲಿ ವರ್ಷಗಟ್ಟಲೆ ಕುಡಿದವರ ಹಲ್ಲಿನಲ್ಲಿ ಕಂದು ಪಟ್ಟೆ ಬರುತ್ತದೆ. ಫ್ಲೋರೈಡ್ ಬಹಳ ಜಾಸ್ತಿ ಇದ್ದರೆ ಮೂಳೆ ಗಟ್ಟಿಯಾಗಿ ದಪ್ಪವಾಗುತ್ತದೆ, ಮೂಳೆಗಳನ್ನು ಕಟ್ಟಿಹಾಕುವ ಪಟ್ಟಿಗಳೂ ಸುಣ್ಣ ಹಿಡಿದು ಮೂಳೆಯಂತಾಗುತ್ತವೆ. ಅಂಥ ತಾತ ಒಬ್ಬರು ಬರುತ್ತಾರೆ. ಕುತ್ತಿಗೆ ಒಂದೇ ತಿರುಗುವುದಿಲ್ಲ. ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಾರೆ.

ಅವರ ಬೆನ್ನನ್ನು ಆ್ಯಪಿನಲ್ಲಿ ಹುಡುಕಿದೆ. ರೋಗಗಳ ವಿಭಾಗದಲ್ಲಿ ಅದಕ್ಕೆ ಜಾಗವೇ ಇಲ್ಲ. ಕೊನೆಗೆ ಬೆನ್ನುಮೂಳೆಯ ಉದ್ದಕ್ಕೂ ಇಳಿಯುವ ಪಟ್ಟಿಯ ಮೇಲೆ ಪೆನ್ನಿನಿಂದ ಬಿಳಿ ಬಣ್ಣ ಬಳಿದು ತೋರಿಸಿದೆ. "ಇಲ್ಲೆಲ್ಲ ಸುಣ್ಣ ಕೂತಿದೆ ತಾತ." ಅವರು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ತಮ್ಮ ಬಗ್ಗೆ ಅಲ್ಲ. "ಮಕ್ಳಿಗೆ ಫಿಲ್ಟರ್ ನೀರೇ ಕುಡಿಸ್ಬೇಕು ಅಂತೀಯಾ?" ಹೌದು ಅಂದೆ. ಊರಿನಲ್ಲಿ ಕಾಯಿನ್ ಹಾಕಿ ಕ್ಯಾನು ತುಂಬಿಸುವ ಶುದ್ಧ ನೀರಿನ ಘಟಕ ಇದೆ. ಅಡುಗೆಗೂ ಅದೇ ನೀರು ಬಳಸಿ ಅಂದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ನಾನು ಬೆಂಗಳೂರಿನಲ್ಲಿ ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ ಓದಿದ್ದು. ಮೊದಲ ವರ್ಷ ಅಂಗರಚನೆಯ ಹಾಲ್, ಫಾರ್ಮಲಿನ್ ವಾಸನೆ, ಉರಿಯುವ ಕಣ್ಣು. ಒಂದು ದೇಹದ ಸುತ್ತ ಹತ್ತು ಹನ್ನೆರಡು ಜನ. ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕ್ ನರವನ್ನು ಮೊದಲ ಸಲ ಬೆರಳಲ್ಲಿ ಎತ್ತಿ ಹಿಡಿದಾಗ ಅದು ಹೆಬ್ಬೆರಳಿನಷ್ಟು ಅಗಲ ಇತ್ತು. ನರ ಅಂದರೆ ದಾರದಷ್ಟು ಅಂದುಕೊಂಡಿದ್ದವಳಿಗೆ ಅದು ಮರೆಯಲಾಗದ ಕ್ಷಣ. ಆ್ಯಪಿನಲ್ಲಿ ಆ ಅಗಲ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುವುದಿಲ್ಲ. ಸ್ನಾಯುಗಳ ನಡುವಿನ ಪೊರೆ, ಕೊಬ್ಬು, ಒಂದಕ್ಕೊಂದು ಅಂಟಿಕೊಂಡಿರುವ ರೀತಿ, ಇದು ಯಾವುದೂ ಪರದೆಗೆ ಬಂದಿಲ್ಲ. ಎಲ್ಲವೂ ತೊಳೆದಿಟ್ಟ ಹಾಗೆ ಬೇರೆ ಬೇರೆ. ಅಡ್ಡ ಹೋಳಿನ ನೋಟ ತೆರೆದಾಗೆಲ್ಲ ನನಗೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದವರು ಮಾಡಿದ ಕೆಲಸ ನೆನಪಾಗುತ್ತದೆ. ಅವರು ಒಬ್ಬ ಗಂಡಸಿನ ದೇಹವನ್ನು 1 ಮಿಲಿಮೀಟರ್ ಅಂತರದಲ್ಲಿ ಹೋಳು ಮಾಡಿ ತೆಗೆದ 1,871 ಚಿತ್ರಗಳನ್ನು 1994ರಲ್ಲಿ ಕೊಟ್ಟರು. ಮುಂದಿನ ವರ್ಷ ಒಬ್ಬ ಹೆಂಗಸಿನದ್ದು, ಇನ್ನೂ ತೆಳುವಾಗಿ, 5,000ಕ್ಕೂ ಹೆಚ್ಚು ಚಿತ್ರ. ಕಂಪ್ಯೂಟರಿನಲ್ಲಿ ನೋಡುವ ವಿದ್ಯೆಯ ಹಿಂದೆಯೂ ಯಾರದೋ ದೇಹ ಇದೆ. ಕಾಲೇಜಿನಲ್ಲಿ ನಮ್ಮ ಮೇಡಂ ಪಾಠಕ್ಕೆ ಮುಂಚೆ ಆ ದೇಹಕ್ಕೆ ಕೈ ಮುಗಿಸುತ್ತಿದ್ದರು. ಆ ಅಭ್ಯಾಸವನ್ನು ಆ್ಯಪಿನಲ್ಲೇ ಕಲಿಯುವ ಮಕ್ಕಳಿಗೂ ಯಾರಾದರೂ ಹೇಳಿಕೊಡಬೇಕು ಅಂತ ನನ್ನ ಆಸೆ.

ಒಬ್ಬರ ದೇಹ ಇನ್ನೊಬ್ಬರ ಹಾಗಿರುವುದಿಲ್ಲ ಅನ್ನುವ ಪಾಠ ನಮ್ಮ ಮನೆಯಲ್ಲೇ ಆಯಿತು. ನನ್ನ ಮಗಳು 9ನೇ ಕ್ಲಾಸು. ಭಾನುವಾರ ಟ್ಯಾಬ್ಲೆಟ್ ಅವಳ ಕೈಗೆ. ಮುಂಗೈಯಲ್ಲಿ ಪಾಲ್ಮಾರಿಸ್ ಲಾಂಗಸ್ ಅನ್ನುವ ತೆಳ್ಳನೆ ಸ್ನಾಯು ಇದೆ. ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ ಮಣಿಕಟ್ಟು ಸ್ವಲ್ಪ ಮಡಚಿದರೆ ನಡುವೆ ಒಂದು ದಾರ ಎದ್ದು ಕಾಣುತ್ತದೆ. ಅವಳು ಮಾಡಿ ನೋಡಿದಳು. ಬಲಗೈಯಲ್ಲಿ ಇದೆ, ಎಡಗೈಯಲ್ಲಿ ಇಲ್ಲ. "ಅಮ್ಮಾ, ನಂಗೆ ಒಂದು ಕಮ್ಮಿ ಇದೆ!" ಅಂತ ಓಡಿ ಬಂದಳು. ಎಷ್ಟೋ ಜನರಲ್ಲಿ ಅದು ಹುಟ್ಟಿನಿಂದಲೇ ಇರುವುದಿಲ್ಲ ಕಂದಾ, ಹಿಡಿತಕ್ಕೆ ಏನೂ ತೊಂದರೆ ಇಲ್ಲ, ಬೇರೆ ಕಡೆ ಸ್ನಾಯುವನ್ನು ಮೂಳೆಗೆ ಕಟ್ಟುವ ಕಂಡರ ಹರಿದಾಗ ಸರ್ಜನ್‌ಗಳು ಇದನ್ನೇ ತೆಗೆದು ಅಲ್ಲಿ ಜೋಡಿಸುವುದೂ ಉಂಟು ಅಂದೆ. ಸಂಜೆಯೊಳಗೆ ಬೀದಿಯ ಮಕ್ಕಳೆಲ್ಲ ಮಣಿಕಟ್ಟು ಮಡಚಿ ನೋಡಿಕೊಂಡಿದ್ದರು. ಆ್ಯಪಿನಲ್ಲಿ ಮಾತ್ರ ಆ ಸ್ನಾಯು ಎರಡೂ ಕೈಯಲ್ಲಿ ಇದೆ, ಯಾವಾಗಲೂ ಇದೆ.

ಕೊಳ್ಳುವವರಿಗೆ ಒಂದೆರಡು ವಿವರ. ನನ್ನದು ವರ್ಷದ ಚಂದಾ. ತಿಂಗಳಿಗೆ ಲೆಕ್ಕ ಹಾಕಿದರೆ ನನ್ನ ಇಬ್ಬರು ರೋಗಿಗಳ ಫೀಸು. ಕೊಡಬಹುದು. ಆದರೆ ಕೇಳದೆಯೇ ನವೀಕರಣದ ದುಡ್ಡು ಕಡಿತವಾಗುತ್ತದೆ. ಹೋದ ಸಲ ನಾನು ಗಮನಿಸಿದ್ದು ಬ್ಯಾಂಕಿನ ಮೆಸೇಜ್ ಬಂದಾಗ. ಆ ಸೆಟ್ಟಿಂಗ್ ಮೊದಲ ದಿನವೇ ಆಫ್ ಮಾಡಿ. ಒಂದೇ ಸಲ ದುಡ್ಡು ಕಟ್ಟುವ ಆ್ಯಪ್‌ಗಳೂ ಸಿಗುತ್ತವೆ, ವಿದ್ಯಾರ್ಥಿಗಳಿಗೆ ಅದೇ ವಾಸಿ. ಡೌನ್‌ಲೋಡ್ ದೊಡ್ಡದು. ಮನೆಯ ವೈಫೈಯಲ್ಲಿ ಮಾಡಿಕೊಳ್ಳಿ. ಒಂದು ಅಪ್‌ಡೇಟ್ ಬಂದಾಗ ಇಳಿಸಿಟ್ಟಿದ್ದೆಲ್ಲ ಹೋಗಿ, ಕ್ಲಿನಿಕ್ಕಿನಲ್ಲಿ ಮೊಬೈಲ್ ಡೇಟಾ ಮೇಲೆ ಮತ್ತೆ ಇಳಿಸಬೇಕಾಯಿತು. ಅವತ್ತು ಬೆಳಗಿನ ರೋಗಿಗಳಿಗೆ ಹಳೆಯ ಚಾರ್ಟೇ ಗತಿಯಾಯಿತು.

ಟ್ಯಾಬ್ಲೆಟ್ 10 ಇಂಚಿಗಿಂತ ಚಿಕ್ಕದು ಬೇಡ. ವಯಸ್ಸಾದವರ ಕಣ್ಣಿಗೆ ಕಾಣುವುದಿಲ್ಲ. ನನ್ನದು ಸಾಧಾರಣ ಬೆಲೆಯದು, ಇಪ್ಪತ್ತು ನಿಮಿಷ ಬಳಸಿದರೆ ಬಿಸಿಯಾಗುತ್ತದೆ, ದೇಹ ತಿರುಗಿಸುವಾಗ ತಡೆತಡೆದು ತಿರುಗುತ್ತದೆ. ಕೊಳ್ಳುವಾಗ ಅಂಗಡಿಯಲ್ಲೇ ಟ್ರಯಲ್ ಹಾಕಿಸಿ, ಎಲ್ಲ ನರ ಮತ್ತು ರಕ್ತನಾಳಗಳನ್ನು ಒಟ್ಟಿಗೆ ಆನ್ ಮಾಡಿ ತಿರುಗಿಸಿ ನೋಡಿ. ಅಲ್ಟ್ರಾಸೌಂಡ್ ಜೆಲ್ ಹತ್ತಿದ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ. ಒಂದು ಸಣ್ಣ ಬಟ್ಟೆ ಮಂಚಕ್ಕೆ ಕಟ್ಟಿಟ್ಟಿದ್ದೇನೆ.

ಚಂದಾ ಮುಗಿದಾಗ ಮತ್ತೆ ಕಟ್ಟುತ್ತೇನೆ. ಜೊತೆಗೆ ಕಂಪನಿಗೆ ಒಂದು ಮೇಲ್ ಕಳಿಸುತ್ತಿದ್ದೇನೆ. ಅದರಲ್ಲಿ ಕನ್ನಡದ ಹೆಸರುಗಳ ಪಟ್ಟಿ ಇರುತ್ತದೆ. ಡಿಕ್ಷನರಿಯ ಪದಗಳಲ್ಲ, ನನ್ನ ಮಂಚದ ಮೇಲೆ ಮಲಗಿದವರು ತಾವಾಗಿ ಹೇಳಿದ ಪದಗಳು. ಇವತ್ತಿಗೆ 43 ಆಗಿವೆ. ಡಿಸ್ಕಿನ ಹೊರ ಪದರಗಳ ಮುಂದೆ 'ಗೂಡಿನ ಸುತ್ತು' ಅಂತ ಬರೆದಿದ್ದೇನೆ. ರೆಕ್ಕೆ ಮೂಳೆಯ ಸುತ್ತ ಇರುವ ಆ ನಾಲ್ಕು ಚಿಕ್ಕ ಸ್ನಾಯುಗಳಿಗೆ ಮಾತ್ರ ಇನ್ನೂ ಯಾರ ಬಾಯಲ್ಲೂ ಪದ ಬಂದಿಲ್ಲ. ನಿಮ್ಮ ಮನೆಯಲ್ಲಿ, ನಿಮ್ಮ ಅಜ್ಜಿಯ ಬಾಯಲ್ಲಿ ಆ ಜಾಗಕ್ಕೆ ಏನಾದರೂ ಹೆಸರಿದ್ದರೆ ದಯವಿಟ್ಟು ಬರೆದು ತಿಳಿಸಿ. ಯಾವ ಊರಿನ ಪದ ಅನ್ನುವುದನ್ನೂ ಸೇರಿಸಿ.